ನಿಮ್ಮ ಲೇಖನ ಆರನೆಯ ಪುಟದಲ್ಲಿ ಆರಂಭವಾಗುತ್ತದೆ

ಆತ್ಮೀಯರೇ,

‘ಗಾಂಜಾ ಪಿಡುಗು: ಕಾರ್ಯಕರ್ತರಿಗೆ ತರಬೇತಿಯ ಅಗತ್ಯ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಕೈಬಿಡುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಆರೋಗ್ಯ ಕಾರ್ಯಕರ್ತರಿಗೂ ಸಮುದಾಯದ ನಡುವೆ ದುಡಿಯುವವರಿಗೂ ತರಬೇತಿ ಕೊಟ್ಟ ಅನುಭವ ನಿಮಗಿದೆ, ಅದನ್ನು ಬರೆದಿಡುವವರು ತೀರಾ ಕಡಿಮೆ. ಆದ್ದರಿಂದ ಒಂದು ಸಾಲಿನ ವಿಷಾದಪತ್ರ ಕಳುಹಿಸುವ ಬದಲು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಕೆಲವು ಮಾತು ಕಟುವಾಗಿ ಕಂಡರೆ ಬೇಸರಿಸಬೇಡಿ.

ಮೊದಲ ಐದು ಪುಟಗಳಲ್ಲಿ ಗಾಂಜಾ ಎಷ್ಟು ಕೆಟ್ಟದ್ದು ಎಂದು ಹೇಳಿದ್ದೀರಿ. ಆರನೆಯ ಪುಟದ ನಡುವೆ, ಏನೋ ಥಟ್ಟನೆ ನೆನಪಾದಂತೆ, ಒಂದು ಪ್ಯಾರಾ ಬರುತ್ತದೆ. ತರಬೇತಿಯ ಎರಡನೆಯ ದಿನ. ಹಿರಿಯ ದಾದಿಯೊಬ್ಬರು ಗಾಂಜಾ ಸೇದುವ ಇಪ್ಪತ್ತೆರಡರ ಹುಡುಗನ ಪಾತ್ರ ವಹಿಸಿದ್ದಾರೆ. ಎದುರು ಕುಳಿತ ಯುವ ಕಾರ್ಯಕರ್ತ ಶ್ವಾಸಕೋಶ, ನೆನಪಿನ ಶಕ್ತಿ, ಮನೆತನದ ಮಾನ, ತಾಯಿಯ ಕಣ್ಣೀರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ದಾದಿ ಕೈಕಟ್ಟಿಕೊಳ್ಳುತ್ತಾರೆ, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸುತ್ತಾರೆ. ಅಭಿನಯ ಮುಗಿದ ಮೇಲೆ, ‘ಇವರು ಹೇಳಿದ್ದೆಲ್ಲ ನನಗೆ ಗೊತ್ತೇ ಇತ್ತು. ಎದ್ದು ಹೋಗಬೇಕೆನಿಸಿತು. ಇಪ್ಪತ್ತು ವರ್ಷಗಳಿಂದ ನಾನೂ ಹೀಗೆಯೇ ಮಾತನಾಡುತ್ತಾ ಬಂದಿದ್ದೇನಲ್ಲ’ ಎನ್ನುತ್ತಾರೆ. ಮರುಸಾಲಿನಲ್ಲೇ ನೀವು ‘ಇಂತಹ ಚಟುವಟಿಕೆಗಳು ಉಪಯುಕ್ತವಾಗಿದ್ದವು’ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಹಿಂದಕ್ಕೆ ಸರಿದ ಆ ಕುರ್ಚಿಯಿಂದಲೇ ಲೇಖನ ಆರಂಭಿಸಿ. ಅದಕ್ಕೆ ಮೊದಲಿನ ಐದು ಪುಟಗಳಲ್ಲಿ ಉಳಿಸಿಕೊಳ್ಳಬೇಕಾದದ್ದು ಅರ್ಧ ಪುಟವೂ ಇಲ್ಲ.

ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಅಫೀಮು, ಹೆರಾಯಿನ್‌ನಂಥವುಗಳ ಹಿಡಿತದಿಂದ ಬಿಡಿಸಲು ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಿಗಳಿವೆ. ಗಾಂಜಾ ಅವಲಂಬನೆಗೆ ಹಾಗೆ ಮಾನ್ಯತೆ ಪಡೆದ ಔಷಧಿ ಒಂದೂ ಇಲ್ಲ. ನಿದ್ದೆಗೆ, ವಾಕರಿಕೆಗೆ ವೈದ್ಯರು ತಾತ್ಕಾಲಿಕವಾಗಿ ಏನಾದರೂ ಕೊಡಬಹುದು, ಅಷ್ಟೇ. ಉಳಿದಂತೆ ಚಿಕಿತ್ಸೆ ನಡೆಯುವುದು ಮಾತಿನಲ್ಲಿ. ಕಾರ್ಯಕರ್ತರ ಬಾಯಲ್ಲಿ ಬರುವ ಪ್ರಶ್ನೆ, ಪ್ರಶ್ನೆಯ ನಂತರ ಅವರು ಕಾಯುವ ಹೊತ್ತು, ಮುಖದ ಭಾವ, ಇವೇ ಅಲ್ಲಿನ ಉಪಕರಣಗಳು. ‘ಕಾರ್ಯಕರ್ತರು ಪರಿಣಾಮಕಾರಿಯಾಗಿ ಸಮಾಲೋಚನೆ ನಡೆಸತಕ್ಕದ್ದು’ ಎಂದು ನೀವು ಬರೆದಾಗ ಆ ಉಪಕರಣ ಕಣ್ಣಿಗೆ ಬೀಳುವುದೇ ಇಲ್ಲ. ಅದು ಸುತ್ತೋಲೆಯ ಭಾಷೆ. ‘ಅರಿವು ಮೂಡಿಸಬೇಕು’ ಎಂಬ ಮಾತು ನಿಮ್ಮಲ್ಲಿ ಹನ್ನೊಂದು ಕಡೆ ಬಂದಿದೆ. ನಿಮ್ಮದೇ ದಾದಿ ಹೇಳಿದ್ದನ್ನು ನೆನಪಿಸಿಕೊಳ್ಳಿ: ಆ ಹುಡುಗನಿಗೆ ಅರಿವು ಆಗಲೇ ಇತ್ತು.

ಮಾತು ಹೇಗಿರಬೇಕು ಎಂಬುದನ್ನು ತೋರಿಸಿ. ಒಬ್ಬ ಹುಡುಗ ‘ಸೇದದಿದ್ದರೆ ನಿದ್ದೆ ಬರುವುದಿಲ್ಲ’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ‘ಅದಕ್ಕೇ ಚಟ ಎನ್ನುವುದು’ ಎಂದರೆ ಮಾತುಕತೆ ಅಲ್ಲಿಗೇ ಮುಗಿಯಿತು. ತರಬೇತಾದವರು, ‘ನಿದ್ದೆಗಾಗಿ ಅದನ್ನೇ ನೆಚ್ಚಿಕೊಂಡಿದ್ದೀರಿ’ ಎಂದು ಅವನ ಮಾತನ್ನೇ ಅವನಿಗೆ ಹಿಂದಿರುಗಿಸುತ್ತಾರೆ. ಆಮೇಲೆ, ‘ಅದರಲ್ಲಿ ನಿಮಗೆ ಇಷ್ಟವಾಗದ್ದೂ ಏನಾದರೂ ಇದೆಯೇ?’ ಎಂದು ಕೇಳಿ ಸುಮ್ಮನಾಗುತ್ತಾರೆ. ಈ ಸುಮ್ಮನಿರುವುದನ್ನು ಕಲಿಯುವುದೇ ಎಲ್ಲಕ್ಕಿಂತ ಕಷ್ಟ. ಸ್ವಲ್ಪ ಹೊತ್ತಾದ ಮೇಲೆ ಅವನು, ‘ಬೆಳಿಗ್ಗೆ ಏಳಲಾಗುವುದಿಲ್ಲ. ಎರಡು ಕೆಲಸ ಹೋದವು’ ಎನ್ನಬಹುದು. ಬಿಡಲು ಬೇಕಾದ ಕಾರಣ ಅವನ ಬಾಯಿಂದಲೇ ಬಂತು. ಕಾರ್ಯಕರ್ತ ಹೇಳಿದ್ದರೆ ಅದೇ ಕಾರಣಕ್ಕೆ ಅವನು ಹತ್ತು ಸಮಜಾಯಿಷಿ ಕೊಡುತ್ತಿದ್ದ.

ಪ್ರೇರಣಾ ಸಂದರ್ಶನ ಎಂಬ ಈ ವಿಧಾನದ ಹೆಸರನ್ನು ನೀವು ಒಂದು ಕಡೆ ಹೇಳಿದ್ದೀರಿ, ಅದರ ಹುಟ್ಟನ್ನು ಹೇಳಿಲ್ಲ. ನಿಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರದ ಕಥೆ ಸಿಗಲಾರದು. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1982ರಲ್ಲಿ ನಾರ್ವೆಯ ಬರ್ಗೆನ್ ಬಳಿಯ ಒಂದು ಚಿಕಿತ್ಸಾ ಕೇಂದ್ರದಲ್ಲಿ ಮನೋವಿಜ್ಞಾನಿಗಳ ಗುಂಪಿನೊಡನೆ ಕುಳಿತು, ಕುಡಿತದ ಸಮಸ್ಯೆ ಇರುವವರೊಡನೆ ತಾನು ಹೇಗೆ ಮಾತನಾಡುತ್ತೇನೆಂದು ಅಭಿನಯಿಸಿ ತೋರಿಸುತ್ತಿದ್ದರು. ಅಲ್ಲಿದ್ದವರು ನಡುನಡುವೆ ತಡೆದು ‘ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ, ಇನ್ನೊಂದನ್ನು ಏಕೆ ಬಿಟ್ಟಿರಿ’ ಎಂದು ಕೇಳತೊಡಗಿದರು. ಉತ್ತರಿಸುತ್ತಾ ಹೋದಂತೆ, ತಾನು ಅರಿವಿಲ್ಲದೆಯೇ ಪಾಲಿಸುತ್ತಿದ್ದ ಕ್ರಮ ಅವರಿಗೇ ಸ್ಪಷ್ಟವಾಯಿತು. 1983ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಕಲಿಯಲು ಬಂದವರ ಪ್ರಶ್ನೆಗಳಿಂದ ರೂಪುಗೊಂಡ ವಿಧಾನ ಅದು. ನಿಮ್ಮ ಲೇಖನದಲ್ಲಿ ಮಾತ್ರ ಕಲಿಯಲು ಬಂದವರು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ನಿಜವಾಗಿಯೂ ಕೇಳಲಿಲ್ಲವೇ?

ಇನ್ನು ಪದಗಳ ವಿಚಾರ. ‘ನಶೆಕೋರರು’, ‘ದಾರಿ ತಪ್ಪಿದವರು’, ‘ಗಾಂಜಾ ವ್ಯಸನಿಗಳು’ ಎಂದು ಪುಟಪುಟಕ್ಕೂ ಬರೆದಿದ್ದೀರಿ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐನೂರಕ್ಕೂ ಹೆಚ್ಚು ಮಾನಸಿಕ ಆರೋಗ್ಯ ವೃತ್ತಿಪರರಿಗೆ ಒಬ್ಬ ವ್ಯಕ್ತಿಯ ವಿವರ ಕೊಟ್ಟು ಅಭಿಪ್ರಾಯ ಕೇಳಲಾಯಿತು. ಅರ್ಧದಷ್ಟು ಮಂದಿಗೆ ಕೊಟ್ಟ ಹಾಳೆಯಲ್ಲಿ ಅವನನ್ನು ಮಾದಕವಸ್ತುಗಳ ದುರ್ಬಳಕೆದಾರ ಎಂದು ಕರೆದಿತ್ತು, ಉಳಿದವರ ಹಾಳೆಯಲ್ಲಿ ಮಾದಕವಸ್ತು ಬಳಕೆಯ ಸಮಸ್ಯೆ ಇರುವವನು ಎಂದಿತ್ತು. ಬೇರೆಲ್ಲವೂ ಒಂದೇ. ಮೊದಲ ಹಾಳೆ ಓದಿದವರು ತಪ್ಪು ಅವನದೇ, ಶಿಕ್ಷೆಯ ಕ್ರಮ ಬೇಕು ಎಂಬ ಕಡೆಗೆ ಹೆಚ್ಚು ವಾಲಿದರು. ಅವರೆಲ್ಲರೂ ಓದಿ ಪಳಗಿದವರು, ನೆನಪಿರಲಿ.

ಇದು ನನಗೆ ಬರಿಯ ಭಾಷಾಶುದ್ಧಿಯ ಪ್ರಶ್ನೆಯಲ್ಲ. ನನ್ನ ಚಿಕ್ಕಪ್ಪನ ಮಗ ಒಮ್ಮೆ ತಾನಾಗಿಯೇ ಸಹಾಯ ಕೇಳಲು ಒಂದು ಚಿಕಿತ್ಸಾಲಯಕ್ಕೆ ಹೊರಟ. ಜೊತೆಗೆ ನಾನಿದ್ದೆ. ನೋಂದಣಿ ಪುಸ್ತಕ ಬರೆಯುತ್ತಿದ್ದವರು ತಲೆ ಎತ್ತದೆ ‘ಗಾಂಜಾ ಕೇಸೇ?’ ಎಂದರು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅವನು ‘ಅಲ್ಲ, ತಲೆನೋವು’ ಎಂದ. ತಲೆನೋವಿನ ಮಾತ್ರೆಯ ಚೀಟಿ ಹಿಡಿದು ಇಬ್ಬರೂ ಹೊರಗೆ ಬಂದೆವು. ಮತ್ತೆ ಅಂಥದೊಂದು ಬಾಗಿಲು ತಟ್ಟಲು ಅವನಿಗೆ ನಾಲ್ಕು ವರ್ಷ ಬೇಕಾಯಿತು. ತರಬೇತಿ ಎಂದರೆ ಆ ಪುಸ್ತಕ ಬರೆಯುವವರಿಗೂ ಸಿಗಬೇಕು. ನಿಮ್ಮ ಪಟ್ಟಿಯಲ್ಲಿ ಅವರು ಇಲ್ಲ.

ಸಂಗತಿಗಳಲ್ಲೂ ತಪ್ಪುಗಳಿವೆ. ‘ಒಮ್ಮೆ ಸೇದಿದವನು ಬಿಡಲಾರ’ ಎಂದಿದ್ದೀರಿ. ಅಮೆರಿಕದ ಸಮೀಕ್ಷೆಯೊಂದನ್ನು ಆಧರಿಸಿ 1994ರಲ್ಲಿ ಪ್ರಕಟವಾದ, ಇಂದಿಗೂ ಉಲ್ಲೇಖಗೊಳ್ಳುವ ಲೆಕ್ಕದ ಪ್ರಕಾರ, ಒಮ್ಮೆಯಾದರೂ ಬಳಸಿದವರಲ್ಲಿ ಅವಲಂಬನೆಗೆ ಬಿದ್ದವರು ಶೇಕಡಾ 9ರಷ್ಟು. ಹದಿಹರೆಯದಲ್ಲೇ ಆರಂಭಿಸಿದವರಲ್ಲಿ, ದಿನವೂ ಬಳಸುವವರಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚು. ಕಾರ್ಯಕರ್ತರು ಉತ್ಪ್ರೇಕ್ಷೆಯ ಒಂದು ಮಾತು ಹೇಳಿದರೆ ಸಾಕು, ಸೇದಿ ಬಿಟ್ಟ ಹತ್ತು ಸ್ನೇಹಿತರನ್ನು ಕಂಡಿರುವ ಹುಡುಗ ಅವರ ಉಳಿದ ನಿಜವನ್ನೂ ನಂಬುವುದಿಲ್ಲ. ಮೂರನೆಯ ಪುಟದಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪಿದೆ: ‘ಗಾಂಜಾ ಬಿಟ್ಟರೆ ದೇಹಕ್ಕೆ ಯಾವ ತೊಂದರೆಯೂ ಆಗುವುದಿಲ್ಲ, ಮನಸ್ಸು ಗಟ್ಟಿ ಮಾಡಿದರೆ ಸಾಕು.’ ದಯವಿಟ್ಟು ಈ ವಾಕ್ಯವನ್ನು ಹೊಡೆದುಹಾಕಿ. ಗಾಂಜಾ ಬಿಟ್ಟಾಗ ಕಾಡುವ ಲಕ್ಷಣಗಳನ್ನು ಅಮೆರಿಕದ ಮನೋವೈದ್ಯರ ಸಂಘದ ರೋಗನಿದಾನ ಕೈಪಿಡಿ 2013ರ ಆವೃತ್ತಿಯಲ್ಲಿ ಪ್ರತ್ಯೇಕವಾಗಿಯೇ ಸೇರಿಸಿತು.

ಇಲ್ಲಿ ನೀವು ಧಾರಾಳವಾಗಿ ಬರೆಯಬೇಕು, ಏಕೆಂದರೆ ಕಾರ್ಯಕರ್ತರಿಗೆ ಮಾರನೆಯ ದಿನವೇ ಬೇಕಾಗುವ ತಿಳಿವಳಿಕೆ ಇದು. ಹೆಚ್ಚು ಕಾಲ ದಿನವೂ ಸೇದಿದವರು ಬಿಟ್ಟರೆ ಒಂದೆರಡು ದಿನಗಳಲ್ಲೇ ಸಿಡುಕು, ಚಡಪಡಿಕೆ, ಬೆವರು ಶುರುವಾಗುತ್ತವೆ, ಹಸಿವು ಸತ್ತುಹೋಗುತ್ತದೆ. ಮೊದಲ ವಾರ ತೀವ್ರ. ಬಹುತೇಕ ಲಕ್ಷಣಗಳು ಎರಡು ವಾರಗಳ ಹೊತ್ತಿಗೆ ಇಳಿದರೂ ನಿದ್ದೆಗೇಡು, ಕಣ್ಣಿಗೆ ಕಟ್ಟಿದಂಥ ವಿಚಿತ್ರ ಕನಸುಗಳು ಇನ್ನೂ ಕೆಲವು ವಾರ ಉಳಿಯಬಹುದು. ನಾಲ್ಕನೆಯ ದಿನ ಮನೆಯವರ ಮೇಲೆ ರೇಗಾಡಿ, ರಾತ್ರಿಯಿಡೀ ಹೊರಳಾಡಿ, ಐದನೆಯ ದಿನ ನಿದ್ದೆಗಾಗಿ ಮತ್ತೆ ಸೇದಿದವನನ್ನು ಎಲ್ಲರೂ ಮನೋಬಲವಿಲ್ಲದವನು ಎನ್ನುತ್ತಾರೆ. ‘ಹೀಗಾಗುತ್ತದೆ, ಇಷ್ಟು ದಿನ ಇರುತ್ತದೆ, ಆಮೇಲೆ ಹೋಗುತ್ತದೆ’ ಎಂದು ಮೊದಲೇ ಹೇಳಿದವರಿದ್ದರೆ ಅವನು ಆ ರಾತ್ರಿಯನ್ನು ದಾಟುತ್ತಿದ್ದನೇನೋ. ಗಾಂಜಾಕ್ಕೆ ತಂಬಾಕು ಬೆರೆಸಿ ಸೇದುವವರಿಗೆ ಜೊತೆಯಲ್ಲೇ ನಿಕೋಟಿನ್ ಹಂಬಲವೂ ಕಾಡುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳದ ಕಾರ್ಯಕರ್ತರು ಅರ್ಧ ಸಮಸ್ಯೆಯನ್ನಷ್ಟೇ ನೋಡುತ್ತಿರುತ್ತಾರೆ.

ಇನ್ನೊಂದು: ‘ಮೂತ್ರ ಪರೀಕ್ಷೆಯಿಂದ ಸುಳ್ಳು ಬಯಲಾಗುತ್ತದೆ’ ಎಂದಿದ್ದೀರಿ. ಗಾಂಜಾದ ಮತ್ತಿಗೆ ಕಾರಣವಾದ ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಉಳಿದುಕೊಳ್ಳುತ್ತದೆ. ದಿನವೂ ಸೇದುತ್ತಿದ್ದವರ ಮೂತ್ರದಲ್ಲಿ, ಬಿಟ್ಟು ವಾರಗಳಾದ ಮೇಲೂ ಅದರ ಗುರುತು ಸಿಗಬಹುದು. ಹದಿನೈದು ದಿನ ಒದ್ದಾಡಿ ಬಿಟ್ಟವನ ಮುಂದೆ ಆ ವರದಿ ಹಿಡಿದು ‘ಸುಳ್ಳು ಹೇಳುತ್ತೀಯಾ’ ಎಂದರೆ ಅವನ ಪಾಡೇನು, ಯೋಚಿಸಿ.

ಬಳಕೆಯ ಅಪಾಯವನ್ನು ಅಳೆಯುವ ಸಾಧನಗಳ ಬಗ್ಗೆ ನೀವು ಬರೆದದ್ದು ಸರಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಅಸಿಸ್ಟ್’ ಪ್ರಶ್ನಾವಳಿಯ ಎಂಟು ಪ್ರಶ್ನೆಗಳು, ಗಾಂಜಾಕ್ಕೆ 4ರಿಂದ 26 ಅಂಕ ಬಂದರೆ ಮಧ್ಯಮ ಅಪಾಯ, 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ಅಪಾಯ, ಎಲ್ಲವೂ ಇರಲಿ. ಅಂಕ ಬಂದ ಮೇಲೆ ಅದನ್ನು ಎದುರಿಗಿರುವವರಿಗೆ ಹೇಗೆ ತಿಳಿಸುವುದು ಎಂಬ ಎರಡು ಸಾಲು ಸೇರಿಸಿ, ಸಾಕು.

ಯಾವಾಗ ತಮ್ಮ ಕೈಮೀರಿದೆ ಎಂದು ಕಾರ್ಯಕರ್ತರು ತಿಳಿಯಬೇಕು ಎಂಬುದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಯಾರೂ ಇಲ್ಲದೆ ಧ್ವನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಹೂಡಿದ್ದಾರೆಂಬ ಶಂಕೆ, ಸಾಯುವ ಮಾತು ಕಂಡರೆ ತಡಮಾಡದೆ ವೈದ್ಯರ ಬಳಿ ಕಳುಹಿಸಬೇಕು. ಮತ್ತೆ ಮತ್ತೆ ವಾಂತಿ ಎಂದು ಬರುವವರೂ ಇದ್ದಾರೆ. ವರ್ಷಗಟ್ಟಲೆ ಗಾಂಜಾ ಸೇದಿದವರಲ್ಲಿ ಕಾಣುವ ಈ ತೊಂದರೆಯನ್ನು ಆಸ್ಟ್ರೇಲಿಯಾದ ಅಡಿಲೇಡ್ ಬೆಟ್ಟಸೀಮೆಯ ವೈದ್ಯರು 2004ರಲ್ಲಿ ಮೊದಲು ವಿವರಿಸಿದರು. ಗಂಟೆಗಟ್ಟಲೆ ಬಿಸಿನೀರು ಸುರಿದುಕೊಂಡರೆ ಮಾತ್ರ ಹಾಯೆನಿಸುತ್ತದೆ ಎನ್ನುವುದು ಅದರ ಕುರುಹು. ‘ಸ್ನಾನ ಮಾಡಿದರೆ ಕಡಿಮೆಯಾಗುತ್ತದೆಯೇ?’ ಎಂಬ ಒಂದು ಪ್ರಶ್ನೆ, ಹೊಟ್ಟೆಯ ಹತ್ತಾರು ಪರೀಕ್ಷೆಗಳಿಗೆ ಅಲೆಯುತ್ತಿರುವವರಿಗೆ ಸರಿಯಾದ ದಾರಿ ತೋರಿಸಬಹುದು.

ಕೊನೆಯ ಆಕ್ಷೇಪ ನಿಮ್ಮ ಮುಕ್ತಾಯದ ಬಗ್ಗೆ. ‘ಎರಡು ದಿನಗಳಲ್ಲಿ ಎಲ್ಲರೂ ಸಂಪೂರ್ಣ ಸಜ್ಜಾದರು’ ಎಂದು ಬರೆದು, ಅದಕ್ಕೆ ಆಧಾರವಾಗಿ ಶಿಬಿರದ ಕೊನೆಗೆ ಅವರೇ ತುಂಬಿಕೊಟ್ಟ ಹಾಳೆಗಳನ್ನು ತೋರಿಸಿದ್ದೀರಿ. ಮಿಲ್ಲರ್ ಮತ್ತು ಸಹೋದ್ಯೋಗಿಯೊಬ್ಬರು ತಮ್ಮದೇ ಶಿಬಿರವನ್ನು ಪರಿಶೀಲಿಸಿ 2001ರಲ್ಲಿ ಬರೆದದ್ದನ್ನು ಗಮನಿಸಿ. ಬಂದವರು ತಾವು ಬಹಳ ಬದಲಾದೆವೆಂದು ಹಾಳೆಯಲ್ಲಿ ಬರೆದಿದ್ದರು. ಅವರ ಮಾತುಕತೆಯ ಧ್ವನಿಮುದ್ರಣ ಕೇಳಿದಾಗ ಬದಲಾವಣೆ ಸ್ವಲ್ಪವೇ ಇತ್ತು, ಹಳೆಯ ರೂಢಿಗಳು ಹಾಗೆಯೇ ಇದ್ದವು, ಎದುರಿಗಿದ್ದವರ ಪ್ರತಿಕ್ರಿಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 140 ವೃತ್ತಿಪರರೊಡನೆ ಮತ್ತೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಶಿಬಿರವನ್ನಷ್ಟೇ ಪಡೆದವರ ಕಲಿಕೆ ತಿಂಗಳುಗಳಲ್ಲಿ ಸವೆಯಿತು. ಧ್ವನಿಮುದ್ರಣ ಕೇಳಿ ತಪ್ಪುಒಪ್ಪು ತಿಳಿಸಿದ, ಫೋನಿನಲ್ಲಿ ಮಾರ್ಗದರ್ಶನ ಕೊಟ್ಟ ಗುಂಪುಗಳಲ್ಲಿ ಅದು ಉಳಿದುಕೊಂಡಿತು. ಹೀಗಿರುವಾಗ, ನಿಮ್ಮ ಶಿಬಿರದ ನಂತರದ ಆರು ತಿಂಗಳಲ್ಲಿ ಏನು ನಡೆಯಿತು ಎಂಬುದೇ ಲೇಖನದ ದ್ವಿತೀಯಾರ್ಧವಾಗಬೇಕು. ಏನೂ ನಡೆಯಲಿಲ್ಲವಾದರೆ ಅದನ್ನೇ ಬರೆಯಿರಿ. ಮುಂದಿನ ಶಿಬಿರಕ್ಕೆ ಹಣ ಮಂಜೂರು ಮಾಡುವವರು ಓದಬೇಕಾದ ವಾಕ್ಯ ಅದು.

ತಿದ್ದಿದ ಪ್ರತಿ ಒಂದು ತಿಂಗಳೊಳಗೆ ಬಂದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಉದ್ದ ಈಗಿನದರ ಅರ್ಧ ಇದ್ದರೂ ಸರಿ. ಒಂದು ಸಂದೇಹ ಮಾತ್ರ ಉಳಿದಿದೆ: ಆ ಯುವ ಕಾರ್ಯಕರ್ತ ಮತ್ತೊಮ್ಮೆ ದಾದಿಯ ಎದುರು ಕುಳಿತನೇ? ಕುಳಿತಿದ್ದರೆ, ಈ ಬಾರಿ ಮೊದಲು ಏನು ಕೇಳಿದ? ನಿಮಗೆ ನೆನಪಿಲ್ಲದಿದ್ದರೆ ಅವನಿಗೇ ಫೋನ್ ಮಾಡಿ ಕೇಳಿ.

ವಿಶ್ವಾಸದಿಂದ,
ಸಂಪಾದಕ