"ಫೀಸು ಆಮೇಲೆ ನೋಡೋಣ" ಅಂದವರಿಗೆ ಏನು ಹೇಳಬೇಕು?

(ಒಂದೇ ಆಫೀಸಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿರುವ ಆರ್ಕಿಟೆಕ್ಟ್ ಒಬ್ಬರು ಸ್ವಂತ ಪ್ರಾಕ್ಟೀಸ್ ಶುರು ಮಾಡಬೇಕೆಂದಿದ್ದಾರೆ. ಆಫೀಸಿಗೆ ಜಾಗ ಹಿಡಿಯಲಾ? ಜೊತೆಗೆ ಓದಿದ ಗೆಳತಿಯನ್ನು ಪಾಲುದಾರಳಾಗಿ ಸೇರಿಸಿಕೊಳ್ಳಲಾ? ಈಗಿನ ಕೆಲಸ ಹೇಗೆ ಬಿಡಲಿ? ಇವು ಅವರ ಪ್ರಶ್ನೆಗಳು. ಪತ್ರದ ಕೊನೆಗೆ ಹೀಗೆ ಬರೆದಿದ್ದಾರೆ: "ಪರಿಚಯದವರೊಬ್ಬರು ಮನೆ ಡಿಸೈನ್ ಮಾಡಿಕೊಡಿ ಎಂದಿದ್ದಾರೆ. ಫೀಸು ಆಮೇಲೆ ನೋಡೋಣ ಅಂದರು. ಮೊದಲ ಕೆಲಸ ಅಲ್ವಾ, ನಾನೂ ಒತ್ತಾಯ ಮಾಡಲಿಲ್ಲ.")

ಪ್ರಿಯ ಓದುಗರೇ,

ನೀವು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೇನೆ. ಆದರೆ ಮೊದಲು ಆ ಕೊನೆಯ ಸಾಲಿನ ಬಗ್ಗೆ ಮಾತಾಡಬೇಕು. ನನಗೆ ಚಿಂತೆ ಹತ್ತಿಸಿದ್ದು ಅದೇ.

ಕೆಲಸ ಸಿಗದೆ ಮುಚ್ಚುವ ಆಫೀಸುಗಳಿವೆ. ಕೈತುಂಬಾ ಕೆಲಸ ಇದ್ದೂ ಮುಚ್ಚುವವೂ ಇವೆ. ಎರಡನೆಯದು ಜಾಸ್ತಿ ನೋವು ಕೊಡುತ್ತದೆ. ಡ್ರಾಯಿಂಗ್ ಕೊಟ್ಟಾಗಿದೆ, ಬಿಲ್ ಕಳಿಸಿಯಾಗಿದೆ, ದುಡ್ಡು ಬಂದಿಲ್ಲ. ಬಾಡಿಗೆ, ಸಂಬಳ, ಸಾಫ್ಟ್‌ವೇರಿನ ಚಂದಾ ಮಾತ್ರ ತಿಂಗಳ ತಾರೀಖಿಗೆ ಸರಿಯಾಗಿ ಬಂದು ನಿಲ್ಲುತ್ತವೆ. ಲೆಕ್ಕದ ಪುಸ್ತಕದಲ್ಲಿ ಲಾಭ, ಬ್ಯಾಂಕ್ ಖಾತೆಯಲ್ಲಿ ಸೊನ್ನೆ.

ನಿಮ್ಮ ಕಸುಬಿನದ್ದೇ ಒಂದು ಸಂಗತಿ ತೆಗೆದುಕೊಳ್ಳೋಣ. ಪ್ಲಾನ್ ಒಪ್ಪಿಗೆಯಾಗಿದೆ. ಕಟ್ಟಡದ ವಿವರವಾದ ಡ್ರಾಯಿಂಗ್‌ಗಳು ಅರ್ಧ ಮುಗಿದಿವೆ. ಆಗ ಫೋನು ಬರುತ್ತದೆ: "ಮೆಟ್ಟಿಲನ್ನು ಸ್ವಲ್ಪ ಆ ಕಡೆಗೆ ಹಾಕೋಕಾಗುತ್ತಾ? ಸಣ್ಣ ಬದಲಾವಣೆ." ಕೇಳಿದವರಿಗೆ ಅದು ನಿಜಕ್ಕೂ ಸಣ್ಣದೇ. ಆದರೆ ಮೆಟ್ಟಿಲು ಸರಿದರೆ ಸ್ಲ್ಯಾಬಿನಲ್ಲಿ ಬಿಟ್ಟ ಜಾಗ ಸರಿಯುತ್ತದೆ. ಅದರ ಸುತ್ತಲಿನ ಬೀಮ್ ಬದಲಾಗುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಮತ್ತೆ ಲೆಕ್ಕ ಹಾಕಬೇಕು. ಮೆಟ್ಟಿಲ ಕೆಳಗಿದ್ದ ಟಾಯ್ಲೆಟ್ ಎಲ್ಲಿಗೆ ಹೋಗಬೇಕು, ಅದರ ಪೈಪು ಎಲ್ಲಿಂದ ಇಳಿಯಬೇಕು? ಮಹಡಿಯ ಪ್ಲಾನು, ಸೆಕ್ಷನ್, ಎಲಿವೇಶನ್ ಎಲ್ಲ ಹಾಳೆಗಳನ್ನೂ ತಿದ್ದಬೇಕು. ಒಂದು ಹಾಳೆ ಮರೆತರೂ ಸೈಟಿನಲ್ಲಿ ಗೋಡೆ ತಪ್ಪು ಜಾಗದಲ್ಲಿ ಏಳುತ್ತದೆ. ಇಷ್ಟಕ್ಕೆ ದುಡ್ಡು ಕೇಳಬೇಕು ಅನ್ನಿಸಿದರೂ ಆಗ ಬಾಯಿ ಬರುವುದಿಲ್ಲ. ಮೊದಲೇ ಮಾತಾಗಿರಲಿಲ್ಲವಲ್ಲ!

ಅದಕ್ಕೇ ಹೇಳುವುದು, ಪೆನ್ಸಿಲ್ ಹಿಡಿಯುವ ಮೊದಲು ಒಂದು ಪತ್ರ ಬರೆಯಿರಿ. ಎರಡು ಪುಟ ಸಾಕು. ಏನೇನು ಮಾಡಿಕೊಡುತ್ತೀರಿ, ಏನು ಮಾಡುವುದಿಲ್ಲ, ಎಷ್ಟು ಸಲ ತಿದ್ದುಪಡಿ ಫೀಸಿನೊಳಗೇ ಬರುತ್ತದೆ, ಆಮೇಲಿನದಕ್ಕೆ ಎಷ್ಟು, ಸೈಟಿಗೆ ಎಷ್ಟು ಸಲ ಬರುತ್ತೀರಿ. ಮನೆ ಕಟ್ಟುವುದು ನಡುವೆ ನಿಂತುಹೋದರೆ ಅಲ್ಲಿವರೆಗಿನ ಕೆಲಸಕ್ಕೆ ಏನು ಕೊಡಬೇಕು ಎಂಬುದನ್ನು ಖಂಡಿತ ಸೇರಿಸಿ. ಇದನ್ನು ಬಹಳ ಜನ ಬಿಡುತ್ತಾರೆ. ಕೆಳಗೆ ಇಬ್ಬರ ಸಹಿ. ಮುಂಗಡ ಕೈಗೆ ಬಂದ ಮೇಲೆ ಕೆಲಸ ಶುರು.

ಉಳಿದ ಫೀಸನ್ನು ಹಂತ ಹಂತವಾಗಿ ತೆಗೆದುಕೊಳ್ಳಿ. ಇದು ದುರಾಸೆಯಲ್ಲ, ನಿಮ್ಮ ಕಸುಬಿನ ಹಳೆಯ ಪದ್ಧತಿಯೇ. ಬ್ರಿಟನ್ನಿನ ಆರ್ಕಿಟೆಕ್ಟರ ಸಂಸ್ಥೆಯಾದ ಆರ್‌ಐಬಿಎ 1963ರಲ್ಲೇ ಕಟ್ಟಡದ ಕೆಲಸವನ್ನು ಹಂತಗಳಾಗಿ ಬಿಡಿಸಿ ಪ್ರಕಟಿಸಿತು. ಈಗ ಅದರಲ್ಲಿ 0ಯಿಂದ 7ರವರೆಗೆ ಎಂಟು ಹಂತಗಳಿವೆ. ಒಂದು ಮನೆಗೆ ಅಷ್ಟೆಲ್ಲ ಬೇಡ, ನಾಲ್ಕೋ ಐದೋ ಸಾಕು. ಒಂದು ಹಂತದ ದುಡ್ಡು ಬರದೆ ಮುಂದಿನ ಹಂತಕ್ಕೆ ಕೈ ಹಾಕುವುದಿಲ್ಲ ಎಂದು ಆ ಪತ್ರದಲ್ಲೇ ಇರಲಿ. ಪರಿಚಯದವರಿಗೂ ಇದನ್ನೇ ಕೊಡಿ. ನಿಜವಾಗಿ ಕೆಲಸ ಮಾಡಿಸುವವರು ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೂ ಎಷ್ಟು ಖರ್ಚಾಗುತ್ತದೆ ಎಂದು ತಿಳಿಯಬೇಕಿರುತ್ತದೆ.

ಫೀಸು ಎಷ್ಟು ಅನ್ನುತ್ತೀರಾ? ಈಗಿನ ಸಂಬಳವನ್ನು ಗಂಟೆಗಳಿಂದ ಭಾಗಿಸಬೇಡಿ. ವರ್ಷಕ್ಕೆ 52 ವಾರ. ರಜೆ, ಹಬ್ಬ, ಕಾಯಿಲೆ ಅಂತ 6 ವಾರ ಕಳೆಯಿರಿ. ಉಳಿದ 46 ವಾರಕ್ಕೆ 40 ಗಂಟೆಯಂತೆ 1,840 ಗಂಟೆ. ಆದರೆ ಹೊಸಬರನ್ನು ಭೇಟಿಯಾಗುವುದು, ಅಂದಾಜು ಬರೆಯುವುದು, ಬಿಲ್ ಹಿಂದೆ ಬೀಳುವುದು, ಲೆಕ್ಕ ಇಡುವುದು, ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಸ್ವಂತ ಆಫೀಸಿನಲ್ಲಿ ಅದೆಲ್ಲ ನಿಮ್ಮ ತಲೆ ಮೇಲೇ. ನೂರರಲ್ಲಿ 60 ಗಂಟೆ ಬಿಲ್ಲಿಗೆ ಬರುತ್ತದೆ ಅಂದುಕೊಂಡರೂ ಸಿಗುವುದು ಸುಮಾರು 1,100 ಗಂಟೆ. ನಿಮ್ಮ ಸಂಬಳ, ಆಫೀಸಿನ ಖರ್ಚು, ಬಾರದೇ ಹೋಗುವ ಬಾಕಿ, ಎಲ್ಲವೂ ಆ 1,100ರಲ್ಲೇ ಹುಟ್ಟಬೇಕು. ತೆರಿಗೆಯ ಪಾಲನ್ನು ದುಡ್ಡು ಬಂದ ದಿನವೇ ಬೇರೆ ಖಾತೆಗೆ ಹಾಕಿಬಿಡಿ.

ಇನ್ನು ಜಾಗದ ವಿಷಯ. ಸದ್ಯಕ್ಕೆ ಬೇಡ. ಮನೆಯಲ್ಲಿ ಒಂದು ಕೋಣೆ ಇದ್ದರೆ ಅಲ್ಲೇ ಶುರು ಮಾಡಿ.

ಪಾಲುದಾರಿಕೆಗೆ ಮಾತ್ರ ಅವಸರ ಖಂಡಿತ ಬೇಡ. ಒಳ್ಳೆಯ ಗೆಳೆತನ ಇದೆ ಎಂಬ ಕಾರಣಕ್ಕೇ ಕಷ್ಟದ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಸಾಮಾನ್ಯ ಪಾಲುದಾರಿಕೆಯಲ್ಲಿ ಸಂಸ್ಥೆಯ ಹೆಸರಲ್ಲಿ ಒಬ್ಬರು ಮಾಡಿದ ಸಾಲಕ್ಕೆ ಇನ್ನೊಬ್ಬರ ಸ್ವಂತ ಆಸ್ತಿಯೂ ಹೊಣೆ. ಹೊಣೆಗೆ ಮಿತಿ ಇರುವ ಸಂಸ್ಥೆ ಕಟ್ಟಿದರೆ ಸಾಲದ ಮಟ್ಟಿಗೆ ರಕ್ಷಣೆ ಸಿಗುತ್ತದೆ. ಆದರೆ ನೀವೇ ಮಾಡಿದ ವೃತ್ತಿಯ ತಪ್ಪಿಗೆ ನಿಮ್ಮ ಹೊಣೆ ಅದರಿಂದ ತಪ್ಪುವುದಿಲ್ಲ. ಅರ್ಧ ಅರ್ಧ ಪಾಲು ನ್ಯಾಯವಾಗಿ ಕಾಣುತ್ತದೆ, ಆದರೆ ಭಿನ್ನಾಭಿಪ್ರಾಯ ಬಂದರೆ ತೀರ್ಮಾನ ಮಾಡುವವರೇ ಇರುವುದಿಲ್ಲ. ಒಬ್ಬರು ಬಿಟ್ಟು ಹೋದರೆ ಗಿರಾಕಿಗಳು ಯಾರ ಕಡೆ, ಸಂಸ್ಥೆಯ ಹೆಸರು ಯಾರದ್ದು, ಅರ್ಧದಲ್ಲಿರುವ ಕೆಲಸ ಯಾರು ಮುಗಿಸಬೇಕು? ಇದನ್ನು ಮೊದಲೇ ಬರೆದಿಡಿ. ಅದಕ್ಕೂ ಮುಂಚೆ ಒಂದೆರಡು ಕೆಲಸ ಬೇರೆ ಬೇರೆ ಬಿಲ್ ಹಾಕಿಕೊಂಡು ಜೊತೆಗೆ ಮಾಡಿ ನೋಡಿ. ಆಕೆ ತಡವಾದ ಬಿಲ್ಲಿಗೆ ಫೋನ್ ಮಾಡುತ್ತಾರಾ, ಕೆಟ್ಟ ಸುದ್ದಿಯನ್ನು ಗಿರಾಕಿಗೆ ಅದೇ ದಿನ ಹೇಳುತ್ತಾರಾ ಎಂಬುದು ಅಲ್ಲಿ ಗೊತ್ತಾಗುತ್ತದೆ.

ವೃತ್ತಿ ಹೊಣೆಯ ವಿಮೆಯನ್ನು ಮರೆಯಬೇಡಿ. ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡಿದ ದಿನಕ್ಕಿಂತ ನಿಮ್ಮ ಮೇಲೆ ಪರಿಹಾರದ ಕೇಸು ಬಂದ ದಿನವೇ ಲೆಕ್ಕ. ಆ ದಿನ ಪಾಲಿಸಿ ಚಾಲ್ತಿಯಲ್ಲಿ ಇರಬೇಕು. ಗೋಡೆಯ ಬಿರುಕು ವರ್ಷಗಳಾದ ಮೇಲೂ ಕಾಣಿಸಿಕೊಳ್ಳಬಹುದು, ಹಾಗಾಗಿ ನಡುವೆ ಬಿಡುವಂತಿಲ್ಲ.

ಕೆಲಸ ಬಿಡುವುದಕ್ಕೆ ಮುಂಚೆ ಮನೆ ಖರ್ಚು, ಆಫೀಸ್ ಖರ್ಚು ಎರಡಕ್ಕೂ ಕನಿಷ್ಠ ಆರು ತಿಂಗಳಿಗೆ ಆಗುವಷ್ಟು ದುಡ್ಡು ಕೂಡಿಸಿಕೊಳ್ಳಿ. ನಿಮ್ಮ ನೇಮಕಾತಿ ಪತ್ರ ತೆಗೆದು ನೋಟಿಸ್ ಅವಧಿ, ಗಿರಾಕಿಗಳ ಬಗೆಗಿನ ಷರತ್ತು ಓದಿ. ಸಂಬಳಕ್ಕಿದ್ದಾಗ ಮಾಡಿದ ಡ್ರಾಯಿಂಗ್‌ಗಳ ಹಕ್ಕು ಸಾಮಾನ್ಯವಾಗಿ ಆಫೀಸಿನದ್ದು. ಫೈಲುಗಳನ್ನು ನಕಲು ಮಾಡಿಕೊಂಡು ಬರಬೇಡಿ. ಯಾವುದನ್ನು ನಿಮ್ಮ ಕೆಲಸ ಎಂದು ತೋರಿಸಬಹುದು ಎಂದು ಕೇಳಿ ಒಪ್ಪಿಗೆ ಪಡೆಯಿರಿ. ವಿಷಯವನ್ನು ನಿಮ್ಮ ಮುಖ್ಯಸ್ಥರಿಗೆ ನೀವೇ ಮೊದಲು ಹೇಳಿ, ಬೇರೆಯವರಿಂದ ಅವರ ಕಿವಿಗೆ ಬೀಳುವುದು ಬೇಡ. ಅವರಿಗೆ ಚಿಕ್ಕದಾಗುವ ಕೆಲಸಗಳು ನಿಮಗೆ ದೊಡ್ಡವು. ಹೊರಡುವ ಮುಂಚೆ, ಅಂಥವು ಬಂದರೆ ನನ್ನ ಕಡೆ ಕಳಿಸಿ ಎಂದು ಬಾಯಿಬಿಟ್ಟು ಕೇಳಿ.

— ಸಂಪಾದಕರು