ತಕ್ಕಡಿಗೆ ಹತ್ತದ ಮೀನು

ಈ ವರ್ಷ ಮೀನು ಹಿಡಿಯುವವರ ಮನೆಯಿಂದ ಊಟದ ಸಲಹೆಗೆಂದು ನನ್ನ ಹತ್ತಿರ ಬಂದ ನಾಲ್ಕನೇ ತಾಯಿ ಈಕೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಮಗುವಿಗೆ ಎಂಟು ತಿಂಗಳು. ಹಾಲೂಡಿಸುವ ತಾಯಿಗೆ ರಕ್ತಹೀನತೆ, ಹಿಮೋಗ್ಲೋಬಿನ್ 9. ಗಂಡ ಹೊಳೆಯಲ್ಲಿ ಬಲೆ ಬಿಡುವವರು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದು, ಊಟದ ವಿಚಾರ ಮಾತಾಡಲು ನನ್ನಲ್ಲಿಗೆ ಕಳಿಸಿದ್ದರು. ಮೊದಲ ಭೇಟಿಯಲ್ಲಿ ಹಾಲು, ಮೊಟ್ಟೆ, ಹಣ್ಣು ಎಂದು ಪಟ್ಟಿ ಬರೆದುಕೊಟ್ಟೆ. ಎರಡನೇ ಸಲ ಬಂದಾಗ ಆ ಚೀಟಿ ಮಡಚಿದ ಮಡಿಕೆಯಲ್ಲೇ ಇತ್ತು. ಮನೆಯಲ್ಲಿ ಏನಿದೆ ಎಂದು ಕೇಳದೆ, ಇಲ್ಲದ್ದನ್ನೆಲ್ಲ ಬರೆದಿದ್ದೆ.

ಚೀಟಿ ಬದಿಗಿಟ್ಟು, "ನಿನ್ನೆ ಬಲೆಗೆ ಬಿದ್ದ ಮೀನು ಏನಾಯ್ತು?" ಎಂದೆ.

"ದೊಡ್ಡದು ಮಾರಿದ್ವಿ ಮೇಡಂ. ಸಣ್ಣವು ಮನೆಗೆ ಬಂದ್ವು."

"ಯಾರ್ಯಾರು ತಿಂದ್ರಿ?"

"ಯಜಮಾನ್ರು, ಅತ್ತೆ. ನನಗೆ ಉಳಿದ್ರೆ ಉಂಟು. ಮಗೂಗೆ ಕೊಡಲ್ಲ, ಮುಳ್ಳಲ್ವಾ." ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ತಗ್ಗಿಸಿ ಹೇಳಿದರು: "ಅದನ್ನ ತಿಂತೀವಿ ಅಂತ ಹೊರಗೆ ಯಾರಿಗೂ ಹೇಳಲ್ಲ. ತಕ್ಕಡಿಗೂ ಹತ್ತದ ಮೀನು ಅದು."

ಹೇಗೆ ಸೋಸುತ್ತೀರಿ ಎಂದು ಕೇಳಿದೆ. ಹೆಬ್ಬೆರಳಿನ ಉಗುರಿನಿಂದ ತಲೆ ಚಿವುಟಿ, ಹೊಟ್ಟೆ ಒತ್ತಿ ತೆಗೆಯುವುದನ್ನು ಗಾಳಿಯಲ್ಲೇ ಮಾಡಿ ತೋರಿಸಿದರು. ಚಿವುಟಿದ್ದು ಬೆಕ್ಕಿಗೆ.

ಆ ಉಗುರು ನೋಡಿ ನನಗೆ ಹೊಟ್ಟೆ ಉರಿಯಿತು. ಬಾಂಗ್ಲಾದೇಶದ ಮೋಲಾ ಎಂಬ ಬೆರಳುದ್ದದ ಮೀನಿನಲ್ಲಿ ವಿಟಮಿನ್ ಎ ತುಂಬಿದೆ, ಅದರ ಹೆಚ್ಚಿನ ಪಾಲು ಇರುವುದು ಕಣ್ಣು ಮತ್ತು ಹೊಟ್ಟೆಯ ಭಾಗದಲ್ಲಿ. ಇಂಥ ಸಣ್ಣ ಮೀನುಗಳ ಮೇಲಿನ ಕೆಲಸಕ್ಕಾಗಿಯೇ ಪೌಷ್ಟಿಕಾಂಶ ವಿಜ್ಞಾನಿ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರ ವಿಶ್ವ ಆಹಾರ ಪ್ರಶಸ್ತಿ ಬಂತು. ಎಲ್ಲ ಸಣ್ಣ ಮೀನಿನಲ್ಲೂ ಅಷ್ಟೇ ವಿಟಮಿನ್ ಎ ಇರುವುದಿಲ್ಲ, ನಿಜ. ಆದರೆ ಮುಳ್ಳಿನ ಸಮೇತ ತಿಂದರೆ ಸುಣ್ಣಾಂಶ (ಕ್ಯಾಲ್ಸಿಯಂ) ಸಿಗುತ್ತದೆ. ದೊಡ್ಡ ಮೀನಿನ ತುಂಡಿನಲ್ಲಿ ಮುಳ್ಳು ತಟ್ಟೆಯಂಚಿಗೆ ಹೋಗುವುದರಿಂದ ಅದು ಸಿಗದು. ಜೊತೆಗೆ ರಕ್ತಕ್ಕೆ ಬೇಕಾದ ವಿಟಮಿನ್ ಬಿ12 ಇದೆ. ಕಾಳು, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲೂ ಮೀನು ನೆರವಾಗುತ್ತದೆ.

ಹೀಗೆ ಹೇಳಿದೆ: ಮಾತ್ರೆ ಬಿಡಬೇಡಿ. ಸಣ್ಣ ಮೀನನ್ನು ಚೆನ್ನಾಗಿ ತೊಳೆದು, ತಲೆ ಸಮೇತ ಪೂರ್ತಿ ಬೇಯಿಸಿ. ಒಂದು ಹಿಡಿ ನಿಮಗೆಂದೇ ಮೊದಲೇ ತೆಗೆದಿಡಿ, ಉಳಿದರೆ ನೋಡೋಣ ಎನ್ನಬೇಡಿ. ಮಗುವಿಗೆ ಮುಳ್ಳು ಮೆತ್ತಗಾಗುವವರೆಗೆ ಬೇಯಿಸಿ, ನುಣ್ಣಗೆ ಅರೆದು, ಬೆರಳಲ್ಲಿ ತಿಕ್ಕಿ ನೋಡಿ ಗಂಜಿಗೆ ಬೆರೆಸಿ. 6ರಿಂದ 23 ತಿಂಗಳ ಮಕ್ಕಳಿಗೆ ಮಾಂಸ, ಮೀನು ಅಥವಾ ಮೊಟ್ಟೆ ದಿನವೂ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೇ ಹೇಳುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಸುಣ್ಣಾಂಶ ಉಳಿಯುತ್ತದೆ, ವಿಟಮಿನ್ ಎ ಬಹುಪಾಲು ಹಾಳಾಗುತ್ತದೆ. ಹಾಗಾಗಿ ಸಿಕ್ಕಾಗ ತಾಜಾ ಮೀನನ್ನೇ ಬೇಯಿಸಿ. ಹೊಳೆಗೆ ಕಾರ್ಖಾನೆಯ ನೀರು ಸೇರುತ್ತದೆಯೇ ಎಂದೂ ಕೇಳಿದೆ. ಸೇರುವುದಾದರೆ ಈ ಸಲಹೆ ಕೊಡುತ್ತಿರಲಿಲ್ಲ.

ಮಾತ್ರೆ ಇರುವಾಗ ಮೀನಿನ ಗೋಜೇಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮಾತ್ರೆ ಮುಗಿದ ಮೇಲೂ ಆ ಮನೆಯಲ್ಲಿ ಬಲೆ ಇರುತ್ತದೆ. ಆಕೆಗೆ ಕೊರತೆಯಿದ್ದದ್ದು ಮೀನಿನದಲ್ಲ. ಅದನ್ನು ತಿನ್ನಲು ನಾಚಿಕೆ, ಪಾಲು ಕೇಳಲು ಸಂಕೋಚ. ಇವೆರಡಕ್ಕೂ ಮಾತ್ರೆಯಿಲ್ಲ. ಬಡವರ ಮೀನು ಎಂಬ ಹೆಸರು ಎಷ್ಟು ತಾಯಂದಿರ ತಟ್ಟೆ ಬರಿದು ಮಾಡಿದೆ ಎಂಬುದನ್ನು ಕಣ್ಣಾರೆ ಕಂಡವಳು ನಾನು.

ಮೂರನೇ ಭೇಟಿಗೆ ಗಂಡನೂ ಬಂದರು. ಎಲ್ಲ ಕೇಳಿಸಿಕೊಂಡು, "ದೊಡ್ಡದನ್ನ ಮಾರ್ಬೋದು ತಾನೇ ಮೇಡಂ?" ಎಂದರು.

"ಮಾರಿ," ಎಂದೆ. "ಸಣ್ಣದು ಮಾತ್ರ ಮೊದಲು ಇವರ ತಟ್ಟೆಗೆ."

ಅವರು ಹೆಂಡತಿಯ ಕಡೆ ತಿರುಗಿ ಕೇಳಿದರು: "ತಲೆ ಕೀಳ್ಬೇಡ ಅಂದ್ರಾ?"