ಗುಹೆಯ ಕಲ್ಲಿಗೆ ಟೇಪು ಹಿಡಿಯಬೇಡಿ

ಪ್ರಶ್ನೆ: ದಾಂಡೇಲಿ ಕಡೆಯ ಗುಹೆಯೊಂದರಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಮೂರಡಿ ಕಲ್ಲು ನೋಡಿದೆ. ಇಂಚಿಗೆ ಇಷ್ಟು ವರ್ಷ ಅಂತ ಲೆಕ್ಕ ಇದೆಯಂತೆ. ಅದರ ವಯಸ್ಸೆಷ್ಟು?

ಉತ್ತರ: ಮತ್ತೆ ಅದೇ ಪ್ರಶ್ನೆ, ಅಡಿ ಮಾತ್ರ ಬೇರೆ. ಅಂಥ ಲೆಕ್ಕ ಇಲ್ಲ. ಯಾರೋ ಗೈಡ್ ಹೇಳಿದ್ದರೆ ಮರೆತುಬಿಡಿ. ಒಂದೇ ಗುಹೆಯಲ್ಲಿ ಅಕ್ಕಪಕ್ಕದ ಎರಡು ಕಲ್ಲುಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಮೇಲಿನ ಬಿರುಕು ಕಟ್ಟಿಕೊಂಡು ಹನಿ ನಿಂತರೆ ಸಾವಿರಾರು ವರ್ಷ ಬೆಳವಣಿಗೆಯೇ ಇರದಿರಬಹುದು. ಹನಿ ಮತ್ತೆ ಶುರುವಾದಾಗ ಹೊಸ ಪದರ ಹಳೆಯದರ ಮೇಲೇ ಕೂರುತ್ತದೆ. ಟೇಪಿಗೆ ಇದೆಲ್ಲ ಗೊತ್ತಾಗುತ್ತಾ?

ವಯಸ್ಸು ಸಿಗುವುದು ಯುರೇನಿಯಂನಿಂದ. ಅದು ನೀರಲ್ಲಿ ಕರಗಿ ಬಂದು ಪದರದೊಳಗೆ ಸೇರುತ್ತದೆ. ಥೋರಿಯಂ ಅನ್ನೋ ಇನ್ನೊಂದು ಧಾತು ಹಾಗೆ ಕರಗುವುದಿಲ್ಲ, ಹಾಗಾಗಿ ಹೊಸ ಪದರದಲ್ಲಿ ಅದು ಹೆಚ್ಚುಕಡಿಮೆ ಇರುವುದಿಲ್ಲ. ಆಮೇಲೆ ಯುರೇನಿಯಂ ಸವೆದಂತೆ ಅಲ್ಲೇ ಥೋರಿಯಂ-230 ಹುಟ್ಟುತ್ತದೆ. ಎರಡನ್ನೂ ಅಳೆದರೆ ಆ ಪದರ ಕೂತ ಕಾಲ ಗೊತ್ತಾಗುತ್ತದೆ, ಸುಮಾರು 6 ಲಕ್ಷ ವರ್ಷ ಹಿಂದಿನವರೆಗೆ. ಕಾಟ ಕೊಡುವುದು ಮಣ್ಣು. ಹನಿಯ ಜೊತೆ ಜೇಡಿ ಇಳಿದರೆ ಅದರಲ್ಲಿದ್ದ ಥೋರಿಯಂ ಸೇರಿ, ಕಲ್ಲು ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಮಣ್ಣು ಬೆರೆತ ಪದರದ ವಯಸ್ಸನ್ನು ನಾನಂತೂ ಸುಲಭಕ್ಕೆ ನಂಬುವುದಿಲ್ಲ.

ಕಾಲ ಗೊತ್ತಾದ ಮೇಲೆ ಅದೇ ಪದರದಿಂದ ಆಗಿನ ಮಳೆಯ ಸುಳಿವೂ ಸಿಗುತ್ತದೆ. ನಮ್ಮ ಕಡೆ ಮುಂಗಾರು ಜೋರಾದ ಕಾಲದ ಪದರದಲ್ಲಿ ಸಾಮಾನ್ಯವಾಗಿ ಆಕ್ಸಿಜನ್-18, ಅಂದರೆ ಆಕ್ಸಿಜನ್‌ನ ಭಾರದ ರೂಪ, ಕಡಿಮೆ. ಮೇಘಾಲಯದ ಮಾವ್‌ಮ್ಲೂ ಗುಹೆಯ ಕಲ್ಲಿನಲ್ಲಿ ಸುಮಾರು 4,200 ವರ್ಷ ಹಿಂದೆ ಮುಂಗಾರು ಸೊರಗಿದ ಗುರುತಿದೆ. ಅದನ್ನೇ ಆಧಾರವಾಗಿಟ್ಟು 2018ರಲ್ಲಿ ಭೂಮಿಯ ಈಗಿನ ಕಾಲಘಟ್ಟಕ್ಕೆ 'ಮೇಘಾಲಯನ್' ಅಂತ ಹೆಸರಿಟ್ಟರು. ನಮ್ಮ ಉತ್ತರ ಕನ್ನಡದ ಅಕಲಗವಿಯ ಕಲ್ಲೊಂದು 331 ವರ್ಷಗಳ ಮಳೆಯ ಏರಿಳಿತ ತೋರಿಸಿದೆ. ಆದರೆ ಇದನ್ನು ಮಳೆಮಾಪಕದಂತೆ ಮಿಲಿಮೀಟರ್‌ನಲ್ಲಿ ಓದಬೇಡಿ. ಮೋಡ ಎಲ್ಲಿಂದ, ಯಾವ ದಾರಿಯಲ್ಲಿ ಬಂತು ಅನ್ನೋದೂ ಅದರಲ್ಲಿ ಬೆರೆತಿರುತ್ತದೆ.

ಪ್ರಶ್ನೆ: ಕಾರ್ಬನ್ ಡೇಟಿಂಗ್ ಮಾಡಿಸಿದರೆ ಸಾಲದಾ?

ಉತ್ತರ: ಸಾಲದು. ಸುಣ್ಣಕಲ್ಲಿನ ಹಳೇ ಕಾರ್ಬನ್ ಬೆರೆತು ವಯಸ್ಸು ಜಾಸ್ತಿ ತೋರಿಸುತ್ತದೆ.

ಪ್ರಶ್ನೆ: ಮುಂದಿನ ವರ್ಷ ಬರ ಬರುತ್ತಾ ಅಂತ ಕಲ್ಲು ನೋಡಿ ಹೇಳಬಹುದಾ?

ಉತ್ತರ: ಇಲ್ಲ.

ಪ್ರಶ್ನೆ: ಗುಹೆಕಲ್ಲಿನ ಪುಡಿ ಮಂಡಿನೋವಿಗೆ ಒಳ್ಳೆಯದಂತೆ, ಒಬ್ಬರು ಮಾರುತ್ತಿದ್ದಾರೆ.

ಉತ್ತರ: ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನಲ್ಲಿರುವುದೇ. ದುಡ್ಡು ಉಳಿಸಿ, ಮಂಡಿಯನ್ನು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಒಂದು ತುಂಡು ಮುರಿದು ನಿಮಗೆ ಕಳಿಸಲಾ?

ಉತ್ತರ: ದಯವಿಟ್ಟು ಬೇಡ. ಯಾವ ಹನಿಯ ಕೆಳಗಿತ್ತು, ಯಾವ ಕಡೆ ಮೇಲೆ ಅಂತ ತಿಳಿಯದ ತುಂಡು ನನಗೆ ಕೆಲಸಕ್ಕೆ ಬಾರದು. ಸುಮ್ನೆ ಮುಟ್ಟಿ ನೋಡುವುದೂ ಬೇಡ. ಕೈಯ ಜಿಡ್ಡು ಹತ್ತಿದ ಕಡೆ ಹೊಸ ಪದರ ಸರಿಯಾಗಿ ಕೂರುವುದಿಲ್ಲ.